ಮಗಳ ಕತ್ತಿನ ಗಂಟು: ಎರಡು ಸಲ ಸೂಜಿ, 168 ದಿನ ಮಾತ್ರೆ

ಈ ವರ್ಷ, 2025ರ ಸಂಕ್ರಾಂತಿ ದಿನ ಬೆಳಿಗ್ಗೆ ಮಗಳಿಗೆ ಎಣ್ಣೆ ಹಚ್ಚಿ ತಲೆಗೆ ನೀರು ಹಾಕುತ್ತಿದ್ದೆ. ಎಡಗಿವಿಯ ಕೆಳಗೆ, ಕತ್ತಿನ ಪಕ್ಕದಲ್ಲಿ ಏನೋ ಕೈಗೆ ತಗುಲಿತು. ಅವರೆಕಾಳಿನಷ್ಟು ಗಂಟು. ಒತ್ತಿದೆ, ನೋವಿಲ್ಲ ಅಂದಳು. ಜ್ವರ ಇಲ್ಲ, ಕೆಮ್ಮು ಇಲ್ಲ. ಹೊಸ ಲಂಗ ಹಾಕಿಕೊಂಡು ಬೀದಿಯಲ್ಲೆಲ್ಲಾ ಎಳ್ಳು ಬೀರಿ ಬಂದಳು. ನಾನೂ ಹಬ್ಬದ ಗಡಿಬಿಡಿಯಲ್ಲಿ ಮರೆತೆ.

ಅವಳಿಗೆ ಈಗ ಆರೂವರೆ ವರ್ಷ. ನಾವಿರೋದು ಮಂಡ್ಯದಲ್ಲಿ. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ, ನಮ್ಮನೆಯವರು ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ಆ ಗಂಟು ಕ್ಷಯದ್ದು, ಅಂದರೆ ಟಿಬಿ, ಅಂತ ಗೊತ್ತಾಗಿ ಮೊದಲ ಮಾತ್ರೆ ಬಾಯಿಗೆ ಬೀಳೋಕೆ 55 ದಿನ ಹಿಡಿಯಿತು. ಅದರಲ್ಲಿ ಮೂರು ವಾರ ಸುಮ್ನೆ ಹೋಯಿತು. ಯಾವುದನ್ನು ಯಾವಾಗ ಕೇಳಬೇಕು ಅಂತ ನಮಗೆ ತಿಳಿಯದೆ ಹೋದದ್ದಕ್ಕೆ ಆ ಮೂರು ವಾರ ಹೋದದ್ದು. ಇದನ್ನು ಬರೆಯುತ್ತಿರೋದೂ ಅದಕ್ಕೇ.

ಹಬ್ಬ ಕಳೆದು ವಾರಕ್ಕೆ ಗಂಟು ದ್ರಾಕ್ಷಿಯಷ್ಟಾಯಿತು. ನಮ್ಮ ಬೀದಿಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಗಂಟಲು, ಹಲ್ಲು, ಕಿವಿ, ತಲೆಯ ಹೇನು ಎಲ್ಲ ನೋಡಿದರು. ಮಕ್ಕಳಿಗೆ ನೆಗಡಿ, ಹುಳುಕು ಹಲ್ಲು, ತಲೆಯಲ್ಲಿ ಗಾಯ ಏನಿದ್ದರೂ ಕತ್ತಿನಲ್ಲಿ ಗಂಟು ಬರುತ್ತೆ, ಹೆಚ್ಚಿನವು ತಾವಾಗೇ ಇಳಿಯುತ್ತವೆ ಅಂದರು. ಅದು ನಿಜವೇ. ಏಳು ದಿನಕ್ಕೆ ಆಂಟಿಬಯಾಟಿಕ್ ಸಿರಪ್ ಕೊಟ್ಟರು. ಇಳಿಯಲಿಲ್ಲ. ಬೇರೆ ಸಿರಪ್ ಐದು ದಿನ. ಆಗಲೂ ಇಳಿಯಲಿಲ್ಲ. ಮಧ್ಯೆ ಅತ್ತೆ ಊರಿಂದ ಬಂದವರು ಸುಣ್ಣ ಬೆಲ್ಲ ಕಲಸಿ ಹಚ್ಚಿದರು. ಚರ್ಮ ಕೆಂಪಾಗಿ ಸುಲಿಯಿತು, ಗಂಟು ಹಾಗೇ ಇತ್ತು. ದಯವಿಟ್ಟು ಏನೂ ಹಚ್ಚಬೇಡಿ. ಆಮೇಲೆ ನೋಡಿದ ಡಾಕ್ಟರಿಗೆ ಆ ಕೆಂಪು ಸುಣ್ಣದಿಂದ ಬಂತೋ ಗಂಟಿನಿಂದ ಬಂತೋ ಅಂತ ಹೇಳೋದೇ ಕಷ್ಟವಾಯಿತು.

ಎರಡು ವಾರ ದಾಟಿದ ಮೇಲೂ ಇಳಿಯದ, ನೋವಿಲ್ಲದೆ ಬೆಳೆಯುತ್ತಿರುವ ಗಂಟನ್ನು ಕಾಯುತ್ತಾ ಕೂರಬಾರದು. ಇದು ನನಗೆ ಆಮೇಲೆ ಗೊತ್ತಾಯಿತು. ನಾವು ಫೆಬ್ರವರಿ ಮೊದಲ ವಾರದವರೆಗೂ ಕಾದೆವು. ಅಷ್ಟರಲ್ಲಿ ಅದು ನೆಲ್ಲಿಕಾಯಿಯಷ್ಟಾಗಿತ್ತು. ಪಕ್ಕದಲ್ಲಿ ಇನ್ನೆರಡು ಸಣ್ಣವು. ಅವಳ ತೂಕ ಶಾಲೆಗೆ ಸೇರಿಸಿದಾಗ 17 ಕೆಜಿ ಇತ್ತು, ಎಂಟು ತಿಂಗಳಾದ ಮೇಲೂ ಅದೇ 17. ಊಟ ಬಿಡುತ್ತಾಳೆ ಅಂತ ಬೈಯುತ್ತಿದ್ದೆ. ಆ ಬೈಗುಳ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಮೈಸೂರಿನ ಮಕ್ಕಳ ತಜ್ಞರೊಬ್ಬರ ಬಳಿ ಹೋಗಲು ನಾದಿನಿ ಹೇಳಿದಳು. ಬೆಳಿಗ್ಗೆ ರೈಲಿಗೆ ಹೋದೆವು. ಅವರು ಕತ್ತು ಮುಟ್ಟಿ ನೋಡಿದ ರೀತಿಯೇ ಬೇರೆ. ಎರಡೂ ಕಡೆ, ಕಂಕುಳು, ತೊಡೆಸಂದಿ, ಹೊಟ್ಟೆ ಎಲ್ಲ ನಿಧಾನವಾಗಿ ನೋಡಿ, ಸ್ಕೇಲಿನಲ್ಲಿ ಅಳೆದು ಬರೆದುಕೊಂಡರು. ಎರಡೂವರೆ ಸೆಂಟಿಮೀಟರ್. ಆಮೇಲೆ ಪ್ರಶ್ನೆಗಳು. ಮನೆಯಲ್ಲಿ ಯಾರಿಗಾದರೂ ಬಹಳ ದಿನದ ಕೆಮ್ಮು ಇದೆಯಾ? ಕ್ಷಯ ಆಗಿತ್ತಾ? ಮಗು ಕಾಯಿಸದ ಹಾಲು ಕುಡಿಯುತ್ತಾ?

ಆ ಕೊನೆಯ ಪ್ರಶ್ನೆಗೆ ನಾನು ಸುಮ್ಮನಾದೆ. ಶನಿವಾರ ಭಾನುವಾರ ಊರಿಗೆ ಹೋದರೆ ತಾತ ಹಾಲು ಕರೆಯುವಾಗ ಇವಳು ಲೋಟ ಹಿಡಿದು ಪಕ್ಕದಲ್ಲೇ ಕೂರುತ್ತಾಳೆ. ಬಿಸಿ ಆರದ ನೊರೆಹಾಲು. ಅದರಲ್ಲಿ ಶಕ್ತಿ ಜಾಸ್ತಿ ಅಂತ ಮಾವನ ನಂಬಿಕೆ. ದನಗಳಿಗೂ ಕ್ಷಯ ಬರುತ್ತದೆ, ಕಾಯಿಸದ ಹಾಲಿನಿಂದ ಅದು ಮಕ್ಕಳ ಕತ್ತಿನ ಗಂಟಿಗೆ ಬರಬಹುದು ಅಂತ ಡಾಕ್ಟರು ಹೇಳಿದರು. ಇವಳಿಗೆ ಹಾಗೇ ಬಂತು ಅಂತ ಅವರು ಹೇಳಲಿಲ್ಲ, ನಮ್ಮ ದೇಶದಲ್ಲಿ ಹೆಚ್ಚಾಗಿ ಕೆಮ್ಮುವ ಮನುಷ್ಯರಿಂದಲೇ ಗಾಳಿಯಲ್ಲಿ ಬರೋದು ಅಂದರು. ಆದರೂ ಅವತ್ತಿನಿಂದ ನಮ್ಮ ಮನೆಯಲ್ಲಿ ನೊರೆಹಾಲು ನಿಂತಿತು. ಹಾಲು ಉಕ್ಕಿ ಬಂದ ಮೇಲೇ ಲೋಟಕ್ಕೆ.

ಸ್ಕ್ಯಾನ್, ಎದೆಯ ಎಕ್ಸ್-ರೇ, ರಕ್ತ ಪರೀಕ್ಷೆ, ಮತ್ತೆ ಕೈಗೆ ಒಂದು ಚುಚ್ಚುಮದ್ದು. ಅದಕ್ಕೆ ಮ್ಯಾಂಟೂ ಪರೀಕ್ಷೆ ಅಂತಾರೆ. ಎದೆಯ ಎಕ್ಸ್-ರೇ ಚೆನ್ನಾಗಿತ್ತು. ಕತ್ತಿನ ಸ್ಕ್ಯಾನಿನಲ್ಲಿ ಗಂಟುಗಳು ಒಂದಕ್ಕೊಂದು ಅಂಟಿಕೊಂಡಿವೆ, ದೊಡ್ಡದರ ಒಳಗೆ ಕರಗಿದ ಹಾಗಿದೆ ಅಂತ ಬಂತು.

ಮ್ಯಾಂಟೂ ವಿಷಯದಲ್ಲಿ ನಾವು ಎಡವಿದೆವು. ಮಂಡ್ಯದ ಒಂದು ಲ್ಯಾಬಿನಲ್ಲಿ ಫೆಬ್ರವರಿ 14ರ ಶುಕ್ರವಾರ ಸಂಜೆ ಹಾಕಿಸಿದೆವು. ಅದನ್ನು 48ರಿಂದ 72 ಗಂಟೆ ಒಳಗೆ ನೋಡಬೇಕು. ಭಾನುವಾರ ಲ್ಯಾಬ್ ಬಾಗಿಲು ಹಾಕಿತ್ತು. ಸೋಮವಾರ ನೋಡುವವರು ರಜೆ. ಮಂಗಳವಾರ ಹೋದರೆ ಸಮಯ ಮೀರಿದೆ ಅಂದರು. ಮತ್ತೆ ಇನ್ನೊಂದು ಕೈಗೆ ಹಾಕಿಸಿ, ಗುರುವಾರ ಸಂಜೆ ನೋಡಿಸಿದೆವು. ಮಂಗಳವಾರ ಹಾಕಿಸಿದರೆ ಗುರುವಾರ ಅಥವಾ ಶುಕ್ರವಾರ ನೋಡಿಸಬಹುದು, ವಾರದ ಕೊನೆ ಅಡ್ಡ ಬರೋದಿಲ್ಲ. ಇನ್ನೊಂದು ಮಾತು: ಕೆಂಪಾದ ಜಾಗವನ್ನು ಅಳೆಯೋದಲ್ಲ, ಗಟ್ಟಿಯಾಗಿ ಉಬ್ಬಿದ ಜಾಗವನ್ನು ಅಳೆಯಬೇಕು. ಪೆನ್ನಿನಿಂದ ಎರಡು ಕಡೆ ಗೆರೆ ಎಳೆದು ಅಳೆದರು, 16 ಮಿಲಿಮೀಟರ್. 10 ಅಥವಾ ಅದಕ್ಕೆ ಮೇಲಿದ್ದರೆ ಪಾಸಿಟಿವ್. ಆದರೆ ಇದರ ಅರ್ಥ ಕ್ಷಯದ ಕ್ರಿಮಿ ಯಾವಾಗಲೋ ಮೈಗೆ ಸೇರಿದೆ ಅಂತ ಅಷ್ಟೇ. ಗಂಟಿನಲ್ಲಿರೋದು ಅದೇ ಅಂತ ಇದೊಂದರಿಂದ ಹೇಳೋಕಾಗಲ್ಲ. ಅದಕ್ಕೆ ಗಂಟಿನಿಂದಲೇ ಸ್ಯಾಂಪಲ್ ತೆಗೆಯಬೇಕು.

ಈಗ ನಾನು ಮುಖ್ಯವಾಗಿ ಹೇಳಬೇಕಾದ ವಿಷಯಕ್ಕೆ ಬಂದೆ.

ಸಣ್ಣ ಸೂಜಿ ಹಾಕಿ ಗಂಟಿನ ಒಳಗಿನದನ್ನು ಎಳೆದು ನೋಡುವ ಪರೀಕ್ಷೆಗೆ ಎಫ್‌ಎನ್‌ಎಸಿ ಅನ್ನುತ್ತಾರೆ. ಚೀಟಿ ಹಿಡಿದು ಒಂದು ಖಾಸಗಿ ಲ್ಯಾಬಿಗೆ ಹೋದೆವು. ನಮ್ಮನೆಯವರು ತಲೆ ಹಿಡಿದರು, ನಾನು ಎರಡೂ ಕೈ ಹಿಡಿದೆ. ಅವಳು ಕಿರುಚಲಿಲ್ಲ. "ಅಮ್ಮ, ಬಿಡು, ನಾನೇ ಅಲ್ಲಾಡದೆ ಇರ್ತೀನಿ" ಅಂದಳು. ಒಂದು ನಿಮಿಷವೂ ಆಗಲಿಲ್ಲ. ನಾಲ್ಕು ಗಾಜಿನ ಸ್ಲೈಡಿನ ಮೇಲೆ ಬಳಿದರು. ಸಿರಿಂಜಿನಲ್ಲಿ ಹಳದಿ ಕೀವು ಇನ್ನೂ ಉಳಿದಿತ್ತು. ಅದನ್ನು ಅಲ್ಲೇ ಡಬ್ಬಿಗೆ ಹಾಕಿಬಿಟ್ಟರು. ನಾನು ಕಣ್ಣಾರೆ ನೋಡಿದೆ. ಅದು ಎಷ್ಟು ಬೆಲೆಬಾಳುವುದು ಅಂತ ಅವತ್ತು ನನಗೆ ಗೊತ್ತಿರಲಿಲ್ಲ.

ನಾಲ್ಕು ದಿನಕ್ಕೆ ರಿಪೋರ್ಟ್ ಬಂತು. ಕ್ಷಯದಲ್ಲಿ ಕಾಣುವಂಥ ಬದಲಾವಣೆ ಇದೆ, ಸತ್ತ ಜೀವಕೋಶಗಳಿವೆ, ಆದರೆ ಕ್ರಿಮಿ ಕಾಣಲಿಲ್ಲ ಅಂತ. ಅದನ್ನು ಹಿಡಿದು ಮತ್ತೆ ಮೈಸೂರಿಗೆ ಹೋದೆವು. ಡಾಕ್ಟರು ಓದಿ ಕೇಳಿದ ಮೊದಲ ಮಾತು, "ಸಿಬಿನಾಟ್‌ಗೆ ಸ್ಯಾಂಪಲ್ ಕಳಿಸಿದರಾ?" ಇಲ್ಲ. ಯಾರೂ ಕಳಿಸಿರಲಿಲ್ಲ. ನಮಗೂ ಕೇಳೋಕೆ ಗೊತ್ತಿರಲಿಲ್ಲ.

ಸಿಬಿನಾಟ್ ಅಂದರೆ ಕ್ಷಯದ ಕ್ರಿಮಿಯ ಗುರುತನ್ನು ಮಷೀನಿನಲ್ಲಿ ಹುಡುಕುವ ಪರೀಕ್ಷೆ. ಸ್ಯಾಂಪಲ್ ಮಷೀನಿಗೆ ಹಾಕಿದ ಮೇಲೆ ಸುಮಾರು ಎರಡು ಗಂಟೆಯಲ್ಲಿ ಫಲಿತಾಂಶ. ರಿಫಾಂಪಿಸಿನ್ ಅನ್ನುವ ಮುಖ್ಯ ಔಷಧಿಗೆ ಕ್ರಿಮಿ ಬಗ್ಗುತ್ತದೋ ಇಲ್ಲವೋ ಅನ್ನೋದನ್ನೂ ಅದೇ ಹೇಳುತ್ತದೆ. ಟ್ರೂನಾಟ್ ಅಂತ ಇನ್ನೊಂದು ಮಷೀನೂ ಇದೆ. ಸರ್ಕಾರಿ ವ್ಯವಸ್ಥೆಯಲ್ಲಿ ಎರಡೂ ಉಚಿತ. ಸ್ಲೈಡಿನಲ್ಲೇ ಕ್ಷಯದ ಲಕ್ಷಣ ಇದೆಯಲ್ಲ, ಇದೇಕೆ ಬೇಕು ಅಂತ ನಮ್ಮನೆಯವರು ಕೇಳಿದರು. ಡಾಕ್ಟರು ಒಂದು ಕಾಗದದ ಮೇಲೆ ಬರೆದು ತೋರಿಸಿದರು. ಕ್ಷಯದ ಕ್ರಿಮಿಗೆ ದಾಯಾದಿಗಳಿದ್ದಾರೆ. ಮಣ್ಣಿನಲ್ಲಿ, ನೀರಿನಲ್ಲಿ ಇರುವಂಥವು. ಅವೂ ಮಕ್ಕಳ ಕತ್ತಿನಲ್ಲಿ, ಅದರಲ್ಲೂ ಐದು ವರ್ಷದೊಳಗಿನವರಲ್ಲಿ, ಇದೇ ಥರ ಗಂಟು ಮಾಡುತ್ತವೆ. ಸ್ಲೈಡಿನಲ್ಲಿ ಎರಡೂ ಹೆಚ್ಚು ಕಮ್ಮಿ ಒಂದೇ ಥರ ಕಾಣುತ್ತವೆ. ಆದರೆ ದಾಯಾದಿ ಕ್ರಿಮಿಗೆ ಕ್ಷಯದ ಮಾತ್ರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಹೆಚ್ಚಾಗಿ ಗಂಟನ್ನೇ ಪೂರ್ತಿ ಆಪರೇಷನ್ ಮಾಡಿ ತೆಗೆಯಬೇಕಾಗುತ್ತದೆ. ಯಾವುದು ಅಂತ ತಿಳಿಯದೆ ಆರು ತಿಂಗಳು ಮಾತ್ರೆ ನುಂಗಿಸಿದರೆ ಹೇಗೆ, ಅಲ್ವಾ?

ಹಾಗಾಗಿ ಮಾರ್ಚ್ 4ಕ್ಕೆ ಇನ್ನೊಮ್ಮೆ ಸೂಜಿ. ಈ ಸಲ ಸರ್ಕಾರಿ ಆಸ್ಪತ್ರೆಯಲ್ಲಿ. ಹಿಂದಿನ ರಾತ್ರಿ ಅವಳಿಗೆ ಹೇಳೋಕೆ ನನಗೆ ಬಾಯೇ ಬರಲಿಲ್ಲ. "ಒಂದೇ ಸಲ ಅಂದಿದ್ದೆ" ಅಂತ ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಅವತ್ತು ಹಾಸಿಗೆಯಲ್ಲಿ ಕಿರುಚಿದಳು, ನನ್ನ ಕೈ ಪರಚಿದಳು. ಸಿರಿಂಜಿನಲ್ಲಿ ಒಂದೂವರೆ ಎಂಎಲ್ ಕೀವು ಬಂತು. ಅದರಲ್ಲಿ ಎರಡು ಸ್ಲೈಡ್ ಮಾಡಿ, ಉಳಿದದ್ದನ್ನು ಮುಚ್ಚಳ ಬಿಗಿಯಾದ ಎರಡು ಡಬ್ಬಿಗೆ ಹಾಕಿದರು. ಒಂದು ಸಿಬಿನಾಟ್‌ಗೆ, ಒಂದು ಕಲ್ಚರ್‌ಗೆ, ಅಂದರೆ ಲ್ಯಾಬಿನಲ್ಲಿ ಕ್ರಿಮಿಯನ್ನು ಬೆಳೆಸಿ ನೋಡುವ ಪರೀಕ್ಷೆಗೆ.

ಮುಂದೆ ಈ ದಾರಿಯಲ್ಲಿ ಬರುವವರಿಗೆ ನಾನು ಕೈ ಮುಗಿದು ಹೇಳೋದು ಇದೊಂದೇ. ಸೂಜಿ ಒಳಗೆ ಹೋಗುವ ಮುಂಚೆ ಕೇಳಿ: "ಇದರಲ್ಲಿ ಸ್ವಲ್ಪ ಸಿಬಿನಾಟ್‌ಗೆ, ಕಲ್ಚರ್‌ಗೆ ಎತ್ತಿಡ್ತೀರಾ?" ಗಂಟಿನ ತುಂಡು ತೆಗೆಯುವ ಬಯಾಪ್ಸಿ ಆದರೆ ಇನ್ನೂ ಹುಷಾರು. ಇಡೀ ತುಂಡನ್ನು ಫಾರ್ಮಾಲಿನ್ ಬಾಟಲಿಗೆ ಹಾಕಿದರೆ ಕ್ರಿಮಿ ಸಾಯುತ್ತದೆ, ಕಲ್ಚರ್ ಮಾಡೋಕೆ ಆಗೋದೇ ಇಲ್ಲ. ಒಂದು ಭಾಗ ಸಲೈನ್ ನೀರಿನಲ್ಲಿ ಹೋಗಬೇಕು. ಇದನ್ನು ಡಾಕ್ಟರ ಚೀಟಿಯಲ್ಲೇ ಬರೆಸಿಕೊಳ್ಳಿ. ಸಿಬಿನಾಟ್ ನೆಗೆಟಿವ್ ಬಂದರೂ ಕ್ಷಯ ಇಲ್ಲವೇ ಇಲ್ಲ ಅಂತ ಅರ್ಥ ಅಲ್ಲ. ಗಂಟಿನಲ್ಲಿ ಕ್ರಿಮಿ ಕಡಿಮೆ ಇರುತ್ತವೆ. ಆಗ ಎಲ್ಲ ರಿಪೋರ್ಟುಗಳನ್ನೂ ಸೇರಿಸಿ ಡಾಕ್ಟರು ತೀರ್ಮಾನ ಮಾಡುತ್ತಾರೆ, ಕಲ್ಚರ್‌ಗೂ ಕಾಯುತ್ತಾರೆ. ಅದಕ್ಕೆ ಆರು ವಾರದವರೆಗೂ ಬೇಕಾಗುತ್ತದೆ.

ಆ ಕಾಯುವ ದಿನಗಳಲ್ಲೇ ಸಂಬಂಧಿಕರೊಬ್ಬರು ಕರೆದುಕೊಂಡು ಹೋದ ಕಡೆ, ಕೀವು ತುಂಬಿದೆ, ಸೀಳಿ ತೆಗೆದುಬಿಡೋಣ, ಹತ್ತು ನಿಮಿಷದ ಕೆಲಸ ಅಂದರು. ಪುಣ್ಯಕ್ಕೆ ನಾನು ಮೈಸೂರಿನ ಡಾಕ್ಟರಿಗೆ ಫೋನ್ ಮಾಡಿದೆ. ಬೇಡವೇ ಬೇಡ ಅಂದರು. ಇಂಥ ಗಂಟನ್ನು ಸೀಳಿದರೆ ಗಾಯ ಮಾಯದೆ ತಿಂಗಳುಗಟ್ಟಲೆ ಸೋರಬಹುದು. ಕೀವು ಜಾಸ್ತಿಯಾದರೆ ಪಕ್ಕದ ಒಳ್ಳೆ ಚರ್ಮದ ಮೂಲಕ ಸೂಜಿಯಿಂದ ಎಳೆಯುತ್ತಾರೆ.

ಮಾರ್ಚ್ 6ಕ್ಕೆ ಫಲಿತಾಂಶ ಬಂತು. ಕ್ಷಯದ ಕ್ರಿಮಿ ಇದೆ, ರಿಫಾಂಪಿಸಿನ್‌ಗೆ ಬಗ್ಗುತ್ತದೆ. ಆ ಕಾಗದ ನೋಡಿ ನಾನು ಅತ್ತೆ. ಹೆದರಿಕೆಗೋ, ಕಡೆಗೂ ಹೆಸರು ಸಿಕ್ಕಿತು ಅನ್ನೋ ಸಮಾಧಾನಕ್ಕೋ ಗೊತ್ತಿಲ್ಲ.

ಮನೆಯಲ್ಲಿ ಹೇಳೋದು ಕಷ್ಟವಾಯಿತು. ಅತ್ತೆ, "ಅಲ್ಲ ಕಣವ್ವ, ಹೆಣ್ಣು ಮಗೀಗೆ ಕ್ಷಯ ಅಂತ ಯಾರ ಮುಂದೇನೂ ಅನ್ನಬ್ಯಾಡ, ನಾಳೆ ಮದುವೆಗೆ ಕುತ್ತಾಯ್ತದೆ" ಅಂದರು. ಮಾವ ಏನೂ ಮಾತಾಡದೆ ಜಗುಲಿಗೆ ಹೋಗಿ ಕೂತರು. ಅವರ ಮನಸ್ಸಿನಲ್ಲಿ ಕ್ಷಯ ಅಂದರೆ ಮೈಸೂರಿನ ಕೆಆರ್‌ಎಸ್ ರಸ್ತೆಯ ಸ್ಯಾನಟೋರಿಯಂ. ನಾಲ್ವಡಿಯವರ ಸೋದರಿ ಕೃಷ್ಣಾಜಮ್ಮಣ್ಣಿಯವರು ಇದೇ ಕಾಯಿಲೆಯಿಂದ ತೀರಿಕೊಂಡರು, ಆ ಆಸ್ಪತ್ರೆಗೆ ಅವರದೇ ಹೆಸರು. ಅರಮನೆಯವರನ್ನೇ ಬಿಡದ ಕಾಯಿಲೆ ನಮ್ಮನ್ನು ಬಿಡುತ್ತಾ ಅನ್ನೋದು ಮಾವನ ದಿಗಿಲು. ಅದು ಔಷಧಿಯೇ ಇಲ್ಲದ ಕಾಲ ಅಂತ ನಾನು ಎಷ್ಟು ಹೇಳಿದರೂ ತಲೆ ಆಡಿಸುತ್ತಿದ್ದರು ಅಷ್ಟೇ. ಆಮೇಲೆ ಮನೆಗೆ ಬಂದ ಆಶಾ ಕಾರ್ಯಕರ್ತೆ ಮಾವನ ಪಕ್ಕದಲ್ಲೇ ಕೂತು, "ಗಂಟಿನ ಟಿಬಿ ಒಬ್ಬರಿಂದ ಒಬ್ಬರಿಗೆ ಹರಡಲ್ಲ ತಾತ, ನಿಮ್ಮ ತಟ್ಟೇಲೇ ಉಣ್ಣಲಿ" ಅಂದಮೇಲೆ ಸ್ವಲ್ಪ ಹಗುರಾದರು.

ಅದು ನಿಜ. ಶ್ವಾಸಕೋಶದಲ್ಲಿ ಇಲ್ಲ ಅಂದಮೇಲೆ ಮಗು ಶಾಲೆಗೆ ಹೋಗಬಹುದು, ಆಡಬಹುದು, ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ. ನಾನು ಕ್ಲಾಸ್ ಟೀಚರಿಗೆ ಮಾತ್ರ ನಿಜ ಹೇಳಿದೆ. ಅವರು ಯಾರಿಗೂ ಹೇಳಲಿಲ್ಲ.

ಕಾಗದಪತ್ರದ ಕೆಲಸಕ್ಕೆ ಎರಡು ದಿನ. ಮಗುವಿನ ಆಧಾರ್, ನಮ್ಮ ಆಧಾರ್, ಬ್ಯಾಂಕ್ ಪಾಸ್‌ಬುಕ್, ಎಲ್ಲ ರಿಪೋರ್ಟುಗಳ ಜೆರಾಕ್ಸ್ ಎರಡೆರಡು ಸೆಟ್ ಇಟ್ಟುಕೊಳ್ಳಿ. ಮಗಳ ಹೆಸರಿನಲ್ಲಿ ಖಾತೆ ಇರಲಿಲ್ಲ, ನನ್ನ ಖಾತೆ ಕೊಟ್ಟೆ. ನಿಕ್ಷಯ್ ಅನ್ನುವ ಸರ್ಕಾರಿ ದಾಖಲೆಯಲ್ಲಿ ಹೆಸರು ಸೇರಿಸಿ ಒಂದು ನಂಬರ್ ಕೊಡುತ್ತಾರೆ. ಆ ನಂಬರನ್ನು ಎಲ್ಲ ಕಡೆ ಕೇಳುತ್ತಾರೆ, ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಹೆಸರು ಸೇರಿಸೋದೇ ಬೇಡ, ಖಾಸಗಿಯಲ್ಲೇ ನೋಡಿಸೋಣ ಅಂತ ನಮ್ಮನೆಯವರಿಗೆ ಅನಿಸಿತ್ತು. ಆದರೆ ಖಾಸಗಿ ಡಾಕ್ಟರೂ ವರದಿ ಮಾಡಲೇಬೇಕು, 2012ರಿಂದ ಅದು ಕಡ್ಡಾಯ. ಎಚ್‌ಐವಿ ಪರೀಕ್ಷೆಗೂ ರಕ್ತ ತೆಗೆದರು. ಅದನ್ನು ಕೇಳಿ ನನ್ನ ಎದೆ ಧಸಕ್ಕೆಂದಿತು. ಕ್ಷಯ ಬಂದ ಎಲ್ಲರಿಗೂ ಮಾಡುವ ಪರೀಕ್ಷೆ ಅದು, ಗಾಬರಿ ಬೇಡ.

ಮನೆಯವರೆಲ್ಲರನ್ನೂ ಪರೀಕ್ಷೆ ಮಾಡಿದರು. ಮಾವನಿಗೆ ಬೀಡಿ ಕೆಮ್ಮು ಇದ್ದದ್ದರಿಂದ ಕಫ ಕೊಡಿಸಿದರು, ಎಕ್ಸ್-ರೇ ತೆಗೆದರು. ಏನೂ ಸಿಗಲಿಲ್ಲ. ಇವಳಿಗೆ ಎಲ್ಲಿಂದ ಬಂತು ಅಂತ ಇವತ್ತಿಗೂ ಗೊತ್ತಿಲ್ಲ.

ಮಾರ್ಚ್ 10, ಸೋಮವಾರ, ಮೊದಲ ಡೋಸ್. ಮಕ್ಕಳಿಗೆ ನೀರಿನಲ್ಲಿ ಕರಗುವ ಮಾತ್ರೆ ಬೇರೆ ಇದೆ. ಮೂರು ಔಷಧಿ ಒಂದರಲ್ಲೇ ಸೇರಿರುತ್ತದೆ, ಜೊತೆಗೆ ಎಥಾಂಬುಟಾಲ್ ಅನ್ನುವ ನಾಲ್ಕನೇ ಔಷಧಿ ಬೇರೆ. ತೂಕ ನೋಡಿ ಲೆಕ್ಕ. ಇವಳ 17 ಕೆಜಿಗೆ ದಿನಕ್ಕೆ ಆ ಮಾತ್ರೆ ನಾಲ್ಕು, ಎಥಾಂಬುಟಾಲ್ ನಾಲ್ಕು. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿ. ಒಟ್ಟು 168 ದಿನ, ಒಂದು ದಿನವೂ ಬಿಡದೆ. ನಾನು ಹೊಲಿಗೆ ಮಷೀನಿನ ಮೇಲಿನ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಹೋದೆ.

ಬೆಳಿಗ್ಗೆ ಆರೂವರೆಗೆ ಖಾಲಿ ಹೊಟ್ಟೆಯಲ್ಲಿ, ಒಂದು ಗಂಟೆ ಬಿಟ್ಟು ತಿಂಡಿ. ಮೊದಲ ವಾರ ಮೂರು ಸಲ ವಾಂತಿ ಮಾಡಿಕೊಂಡಳು. ಅರ್ಧ ಗಂಟೆ ಒಳಗೆ ವಾಂತಿಯಾದರೆ ಮತ್ತೆ ಕೊಡಿ ಅಂತ ನಮ್ಮ ಡಾಕ್ಟರು ಹೇಳಿದ್ದರು. ಕುಡಿಸುವ ಅರ್ಧ ಗಂಟೆ ಮುಂಚೆ ಎಬ್ಬಿಸಿ, ಬಾಗಿಲ ಬಳಿ ಕೂರಿಸಿ ಗಾಳಿಗೆ ಬಿಟ್ಟು, ಆಮೇಲೆ ಗುಟುಕು ಗುಟುಕಾಗಿ ಕುಡಿಸಿದಾಗ ವಾಂತಿ ನಿಂತಿತು. ಎರಡನೇ ದಿನ ಬಚ್ಚಲಿಂದ "ಅಮ್ಮಾ, ಉಚ್ಚೆ ಕೇಸರಿ ಬಣ್ಣ" ಅಂತ ಕೂಗಿದಳು. ಅದು ರಿಫಾಂಪಿಸಿನ್ ಬಣ್ಣ, ಹೆದರಬೇಡಿ. ಹೆದರಬೇಕಾದದ್ದು ಬೇರೆ: ಕಣ್ಣು ಹಳದಿಯಾದರೆ, ಊಟ ಪೂರ್ತಿ ಬಿಟ್ಟು ವಾಂತಿ ಹತ್ತಿದರೆ, ಕಣ್ಣು ಮಂಜಾದರೆ, ಕೆಂಪು ಹಸಿರು ಬೇರೆಯಾಗಿ ಕಾಣದಿದ್ದರೆ ಅವತ್ತೇ ಆಸ್ಪತ್ರೆಗೆ ಓಡಬೇಕು. ನಾನು ವಾರಕ್ಕೊಮ್ಮೆ ಅವಳ ಕ್ರೇಯಾನ್ ಡಬ್ಬಿ ಸುರಿದು ಕೆಂಪು ಒಂದು ಕಡೆ, ಹಸಿರು ಒಂದು ಕಡೆ ಜೋಡಿಸು ಅನ್ನುತ್ತಿದ್ದೆ. ಅವಳಿಗೆ ಅದು ಆಟ, ಬೇಗ ಬೇಗ ಜೋಡಿಸಿ ಚಪ್ಪಾಳೆ ತಟ್ಟುತ್ತಿದ್ದಳು. ನಾನು ಕೊನೆಯ ಕ್ರೇಯಾನ್ ಸರಿಯಾದ ಕಡೆ ಬೀಳೋವರೆಗೂ ಉಸಿರು ಬಿಗಿಹಿಡಿದಿರುತ್ತಿದ್ದೆ.

ಕಲ್ಚರ್ ರಿಪೋರ್ಟ್ ಏಪ್ರಿಲ್ ಮಧ್ಯಕ್ಕೆ ಬಂತು. ಅದೂ ಕ್ಷಯವೇ ಅಂತ ಹೇಳಿತು.

ಏಪ್ರಿಲ್ ಕೊನೆಗೆ ಒಂದು ದೊಡ್ಡ ಗಾಬರಿ. ತೂಕ 18 ಆಗಿತ್ತು, ಮುದ್ದೆ ಮೊಟ್ಟೆ ಹುರುಳಿ ಬಸ್ಸಾರು ಕೇಳಿ ತಿನ್ನುತ್ತಿದ್ದಳು. ಎಲ್ಲ ಸರಿ ಹೋಗುತ್ತಿದೆ ಅಂದುಕೊಂಡಾಗ ಗಂಟು ಮತ್ತೆ ಊದಿತು. ಕೆಂಪಾಗಿ, ಹೊಳೆಯುತ್ತಾ, ಒಂದು ರಾತ್ರಿ ಒಡೆದು ದಿಂಬು ಒದ್ದೆಯಾಯಿತು. ಮಾತ್ರೆ ಕೆಲಸ ಮಾಡುತ್ತಿಲ್ಲ ಅಂತ ನಾನು ತೀರ್ಮಾನಿಸಿಬಿಟ್ಟಿದ್ದೆ. ಡಾಕ್ಟರು ನೋಡಿ, ಸತ್ತ ಕ್ರಿಮಿಗಳ ವಿರುದ್ಧ ಮೈ ಕೆರಳಿದಾಗ ಹೀಗಾಗುತ್ತೆ, ಔಷಧಿ ಸೋತಿದೆ ಅಂತಲ್ಲ ಅಂದರು. ಆದರೂ ಕೀವನ್ನು ಮತ್ತೆ ಪರೀಕ್ಷೆಗೆ ಕಳಿಸಿದರು. ಔಷಧಿ ಬದಲಿಸಲಿಲ್ಲ. ಐದು ವಾರ ಡ್ರೆಸ್ಸಿಂಗ್. ಇಂಥ ಸಮಯದಲ್ಲೇ ಎಷ್ಟೋ ಜನ ಮಾತ್ರೆ ಬಿಟ್ಟು ಬೇರೆ ಕಡೆ ಹೋಗುತ್ತಾರಂತೆ. ನೀವು ಬಿಡಬೇಡಿ. ನೋಡುತ್ತಿರುವ ಡಾಕ್ಟರಿಗೇ ತೋರಿಸಿ.

ಜುಲೈನಲ್ಲಿ ಒಂದು ಸಲ ಮಕ್ಕಳ ಮಾತ್ರೆ ಬಂದಿಲ್ಲ, ಮೂರು ದಿನ ಬಿಟ್ಟು ಬನ್ನಿ ಅಂದರು. ನಮ್ಮ ಬಳಿ ಎರಡೇ ದಿನಕ್ಕಿತ್ತು. ನಾನು ಅಲ್ಲೇ ಬೆಂಚಿನ ಮೇಲೆ ಕೂತೆ, ಎದ್ದು ಬರಲಿಲ್ಲ. ಕ್ಷಯದ ಸಹಾಯವಾಣಿ 1800-11-6666ಕ್ಕೆ ಫೋನ್ ಮಾಡಿದೆ. ಸಂಜೆ ಹೊತ್ತಿಗೆ ಬೇರೆ ಕೇಂದ್ರದಿಂದ ಒಂದು ವಾರದ್ದು ತರಿಸಿಕೊಟ್ಟರು. ಅದಾದ ಮೇಲೆ ಹತ್ತು ದಿನದ ಮಾತ್ರೆ ಕೈಯಲ್ಲಿರುವಾಗಲೇ ಹೋಗಿ ಕೇಳುವ ಅಭ್ಯಾಸ ಮಾಡಿಕೊಂಡೆ.

ದುಡ್ಡಿನ ಲೆಕ್ಕ: ಶುರುವಿನ ಸಿರಪ್, ಫೀಸು, ಸ್ಕ್ಯಾನ್, ಎರಡು ಸಲ ಮ್ಯಾಂಟೂ, ಮೊದಲ ಸೂಜಿ, ಓಡಾಟ ಎಲ್ಲ ಸೇರಿ ನಮಗೆ ಸುಮಾರು 8,000 ರೂಪಾಯಿ. ಸಿಬಿನಾಟ್, ಕಲ್ಚರ್, ಆರು ತಿಂಗಳ ಮಾತ್ರೆಗೆ ಒಂದು ರೂಪಾಯಿಯೂ ಇಲ್ಲ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಊಟಕ್ಕೆ ಅಂತ ತಿಂಗಳಿಗೆ 1,000 ರೂಪಾಯಿ ಕೊಡುತ್ತಾರೆ. 2024ರ ಅಕ್ಟೋಬರ್‌ವರೆಗೆ ಅದು 500 ಇತ್ತು. ನಮಗೆ 3,000ದಂತೆ ಎರಡು ಕಂತಿನಲ್ಲಿ ಬಂತು. ಮೊದಲನೆಯದು ಏಳು ವಾರ ತಡ, ಏಕೆಂದರೆ ನನ್ನ ಖಾತೆಗೆ ಆಧಾರ್ ಜೋಡಣೆ ಆಗಿರಲಿಲ್ಲ. ಅದನ್ನು ಮೊದಲೇ ನೋಡಿಕೊಳ್ಳಿ.

ಆಗಸ್ಟ್ 24ಕ್ಕೆ ಕೊನೆಯ ಡೋಸ್. ಗೌರಿ ಹಬ್ಬದ ಹಿಂದಿನ ದಿನ ಡಾಕ್ಟರು ಅದೇ ಸ್ಕೇಲ್ ತೆಗೆದು ಅಳೆದರು. ಅರ್ಧ ಸೆಂಟಿಮೀಟರಿನ ಒಂದು ಗಂಟು ಇನ್ನೂ ಇದೆ, ಗಟ್ಟಿಯಾಗಿ, ಕಾಳಿನ ಹಾಗೆ. ಹಾಗೆ ಉಳಿಯುವುದುಂಟು, ಬೆಳೆಯದಿದ್ದರೆ ಸಾಕು ಅಂದರು. ತೂಕ 19 ಕೆಜಿ 400 ಗ್ರಾಂ. ಇನ್ನು ಎರಡು ವರ್ಷ ಆರಾರು ತಿಂಗಳಿಗೆ ಬಂದು ತೋರಿಸಬೇಕು. ಮುಂದಿನ ತಾರೀಕು ಫೆಬ್ರವರಿಗೆ ಬರೆದುಕೊಟ್ಟಿದ್ದಾರೆ. ಫೈಲನ್ನು ಬೀರುವಿನಲ್ಲಿ ಅವಳ ತಾಯಿ ಕಾರ್ಡಿನ ಜೊತೆ ಇಟ್ಟಿದ್ದೇನೆ. ಹಬ್ಬಕ್ಕೆ ಅತ್ತೆ ಜಡೆಗೆ ಮೊಗ್ಗು ಹಾಕುವಾಗ ಗಂಟು ಒಡೆದ ಗಾಯದ ಕಲೆ ಮುಚ್ಚಲಿ ಅಂತ ಕೂದಲನ್ನು ಎಡಗಡೆಗೆ ಎಳೆದರು. ಮಗಳು ಬಲಗಡೆಗೆ ಹಾಕಿಕೊಂಡು ಆಡೋಕೆ ಓಡಿದಳು.